ಅಕ್ಕಿ ಬಂತು, ಬೇಳೆ ಹಾಲುಗಳ ಲೆಕ್ಕವೇನು?

ಬೀದರ್ ನಗರ, ಭಾಲ್ಕಿ, ಔರಾದ್ ಭಾಗದ ಬಡ ಕುಟುಂಬಗಳಲ್ಲಿ ಅನ್ನದ ಚಿಂತೆ ಇಂದು ಮೊದಲಿನಷ್ಟಿಲ್ಲ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಡಿ 2025ರ ಫೆಬ್ರುವರಿಯಿಂದ ಪಡಿತರ ಚೀಟಿಯಲ್ಲಿರುವ ಒಬ್ಬೊಬ್ಬರಿಗೂ ತಿಂಗಳಿಗೆ 10 ಕಿಲೋ ಅಕ್ಕಿ ದೊರೆಯತೊಡಗಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿ ರಕ್ತಹೀನರು. ಅಕ್ಕಿಯೊಂದೇ ಈ ಕೊರತೆಯನ್ನು ನೀಗಲಾರದು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು 2024ರಲ್ಲಿ ಆಹಾರ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರಂತೆ ದಿನಕ್ಕೆ 2,000 ಕಿಲೋಕ್ಯಾಲರಿಯ ಊಟದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿಲೀಟರ್ ಇರಬೇಕು. ಜೊತೆಗೆ ಶೇಂಗಾ, ಎಳ್ಳಿನಂಥವು 35 ಗ್ರಾಂ, ಎಣ್ಣೆ 27 ಗ್ರಾಂ. ನಾಲ್ವರ ಮನೆಗೆ ಇದನ್ನು ತಿಂಗಳಿಗೆ ಗುಣಿಸಿದರೆ ಧಾನ್ಯ 30 ಕಿಲೋ ಮಾತ್ರ. ಪಡಿತರದ 40 ಕಿಲೋ ಅಕ್ಕಿಯಲ್ಲಿ ಅದು ಮುಗಿದು ಮಿಗುತ್ತದೆ. ಉಳಿದುದನ್ನು ನೋಡಿ: ಬೇಳೆಕಾಳು 10 ಕಿಲೋ, ತರಕಾರಿ 48 ಕಿಲೋ, ಹಣ್ಣು 12 ಕಿಲೋ, ಹಾಲು 36 ಲೀಟರ್. ಪೇಟೆಯ ದರ ದಿನಕ್ಕೊಂದು ಬಗೆ. ತಾಯಂದಿರು ತಮ್ಮೂರ ದರದಿಂದ ಗುಣಿಸಿಕೊಳ್ಳಲಿ. ಹಾಲಿಗೆ ಲೀಟರಿಗೆ 50 ರೂಪಾಯಿ ಹಿಡಿದರೂ 1,800 ರೂಪಾಯಿ ಆಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಉಳಿಯುವುದು 200! ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಹಾಲು, ಬೇಳೆ ಎರಡನ್ನೂ ಬಿಡುವಂತಿಲ್ಲ. ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವುಗಳ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟವು 2025ರ ಅಕ್ಟೋಬರಿನಲ್ಲಿ ಒಪ್ಪಿದ್ದು ಯುಕ್ತವೆಂದೇ ನಮ್ಮ ಅಭಿಪ್ರಾಯ.

ಬೇಳೆಯ ವಿಷಯದಲ್ಲಂತೂ ನಮ್ಮ ಸ್ಥಿತಿ ವಿಚಿತ್ರ. ತೊಗರಿ, ಹೆಸರು, ಉದ್ದು, ಕಡಲೆ ಬೆಳೆಯುವ ಜಿಲ್ಲೆಯಿದು. ರಾಶಿಯಾದ ವಾರದಲ್ಲೇ ಕಾಳು ಸಾಲದ ಬಾಬತ್ತಿಗೆ ಬೀದರಿನ ಗಾಂಧಿಗಂಜ್ ಸೇರುತ್ತದೆ. ಕೆಲವೇ ತಿಂಗಳಲ್ಲಿ ಅದೇ ರೈತ ಅಂಗಡಿಯಲ್ಲಿ ಬೇಳೆ ಕೊಳ್ಳುತ್ತಾನೆ. ಮುಂಗಾರಿನ ಹೊಲಗಳಲ್ಲಿ ಈಗ ಸೋಯಾ ಅವರೆಯೇ ಹೆಚ್ಚು. ಅದು ಹಣ ತರುತ್ತದೆ, ನಮ್ಮ ಒಲೆಯ ಮೇಲೆ ಏರುವುದಿಲ್ಲ. ನಾಲ್ವರ ಮನೆಗೆ ವರ್ಷಕ್ಕೆ ಬೇಕಾದುದು, ಅರ್ಧ ಇಡಿಯ ಕಾಳು, ಅರ್ಧ ಬೇಳೆ ಎಂದು ಹಿಡಿದರೆ, ಸುಮಾರು ಒಂದೂವರೆ ಕ್ವಿಂಟಲ್ ಕಾಳು. ರಾಶಿಯ ದಿನವೇ ಇಷ್ಟನ್ನು ತೆಗೆದಿಟ್ಟು, ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಬೆರೆಸಿ ಕಾಪಾಡುವ ರೂಢಿ ನಮ್ಮ ಹಿರಿಯರಲ್ಲಿತ್ತು. ಸೋಯಾ ಸಾಲುಗಳ ನಡುವೆ ತೊಗರಿ, ಹೊಲದ ಅಂಚಿನಲ್ಲಿ ಪುಂಡಿ, ಹಿತ್ತಲಲ್ಲಿ ಮೆಂತ್ಯ, ರಾಜಗಿರಿ, ಒಂದು ನುಗ್ಗೆ ಮರ ಇದ್ದರೆ ತರಕಾರಿಯ ವೆಚ್ಚವೂ ಇಳಿಯುತ್ತದೆ. ಎಳ್ಳ ಅಮಾವಾಸ್ಯೆಯ ಭಜ್ಜಿ, ಜೋಳದ ರೊಟ್ಟಿ, ಅಂಬಲಿಯನ್ನೇ ನೆನೆಯಿರಿ: ಹಸಿಕಾಳು, ಹತ್ತಾರು ಸೊಪ್ಪು ಕಾಯಿಪಲ್ಲೆ, ಮಜ್ಜಿಗೆ. ಪೌಷ್ಟಿಕತಾ ಸಂಸ್ಥೆಯ ತಟ್ಟೆಯಲ್ಲಿರುವುದೆಲ್ಲ ಬಹುತೇಕ ಅಲ್ಲಿದೆ, ವರ್ಷಕ್ಕೊಂದು ದಿನ.

ಹೊಲವಿಲ್ಲದವರಿಗೆ, ಬೀದರ್ ನಗರದ ಬಾಡಿಗೆ ಮನೆಯವರಿಗೆ ಈ ಮಾತು ಸಲ್ಲದು. ಅವರು ಕೊತ್ತಂಬರಿಯ ಕಟ್ಟಿಗೂ ದುಡ್ಡು ಎಣಿಸಬೇಕು. ತಿಂಗಳ ಕೊನೆಗೆ ಮೊದಲು ಕಡಿಮೆಯಾಗುವುದು ಹಾಲು, ಹಣ್ಣು, ಅದೂ ತಾಯಿಯ ಪಾಲಿನದು. ಆದ್ದರಿಂದ ಈ ಸಲ ರಾಶಿಯ ನಂತರ ದಾಸೋಹಕ್ಕೆ ಧಾನ್ಯ ತರುವ ಸದ್ಭಕ್ತರು ಅಕ್ಕಿ, ಜೋಳದೊಡನೆ ಒಂದಿಷ್ಟು ತೊಗರಿ, ಹೆಸರು, ಕಡಲೆಯನ್ನೂ ತರಬೇಕೆಂದು ಕೋರುತ್ತೇವೆ.