ಹಳೆಯ ಮೋಟಾರಿಗೆ ಎರಡು ಬಣ್ಣ

ಮುಂಬಯಿಗೆ ಹೋಗಿಬಂದವರಿಗೆ ಅಲ್ಲಿಯ ಬಾಡಿಗೆ ಮೋಟಾರುಗಳ ನೆನಪು ಇದ್ದೇ ಇರುತ್ತದೆ. ಒಡಲು ಕಪ್ಪು, ನೆತ್ತಿ ಹಳದಿ. ಪ್ರೀಮಿಯರ್ ಪದ್ಮಿನಿ ಗಾಡಿಗಳು ಹಲವು ದಶಕ ಈ ಉಡುಪಿನಲ್ಲಿ ದುಡಿದು, 2023ರ ಅಕ್ಟೋಬರಿನಲ್ಲಿ ಅಲ್ಲಿಯ ಬಾಡಿಗೆ ವೃತ್ತಿಯಿಂದ ನಿವೃತ್ತವಾದವು. ಎರಡು ಬಣ್ಣದ ಮೋಟಾರು ನಮಗೆ ಹೊಸದಲ್ಲ. ಈಗ ತಾತನ ಕಾಲದ ಫಿಯೆಟ್ಟನ್ನೋ ಅಂಬಾಸಿಡರನ್ನೋ ಹೊರಕ್ಕೆ ತೆಗೆದು ಎರಡು ಬಣ್ಣದಲ್ಲಿ ಸಿಂಗರಿಸಬೇಕೆಂದಿದ್ದೀರಾ? ಹಾಗಿದ್ದರೆ ಈ ಕೆಲವು ಮಾತುಗಳು ನಿಮಗಾಗಿ.

ಮೋಟಾರಿನ ಬಾಲ್ಯದಲ್ಲಿ ಅದಕ್ಕೆ ಹಚ್ಚುತ್ತಿದ್ದುದು ಕುದುರೆಗಾಡಿಯ ಎಣ್ಣೆಬಣ್ಣವನ್ನೇ. ಲೇಪದ ಮೇಲೆ ಲೇಪ ಒಣಗಿ ಗಾಡಿ ಸಿದ್ಧವಾಗಲು ವಾರಗಳೇ ಹಿಡಿಯುತ್ತಿದ್ದವು. ಫೋರ್ಡ್ ಕಂಪನಿಯ ಮಾಡೆಲ್ ಟಿ ಗಾಡಿ 1914ರಿಂದ 1925ರವರೆಗೆ ಕಪ್ಪಿನಲ್ಲಿ ಮಾತ್ರ ದೊರೆಯುತ್ತಿತ್ತು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತಂದಿತು. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಕೇಳುವ ಹೆಸರದು. ದಿನಗಳ ಕೆಲಸ ಗಂಟೆಗಳಿಗೆ ಇಳಿಯಿತು. ಒಂದು ಬಣ್ಣ ಬೇಗ ಒಣಗಿದರೆ ತಾನೇ ಇನ್ನೊಂದನ್ನು ಹಚ್ಚುವ ಧೈರ್ಯ? 1950ರ ದಶಕದ ಅಮೆರಿಕದಲ್ಲಿ ಈ ಹುಮ್ಮಸ್ಸು ತುದಿ ಮುಟ್ಟಿತು. 1955ರ ಷೆವ್ರೊಲೆ ಬೆಲ್ ಏರ್ ಅದಕ್ಕೆ ಹೆಸರಾಂತ ಉದಾಹರಣೆ.

ಎರಡು ಬಣ್ಣದಿಂದ ಆಗುವ ಲಾಭವೇನು? ಎತ್ತರವಾದ ಒಡಲನ್ನು ಒಂದು ಅಡ್ಡಗೆರೆ ಭಾಗಮಾಡಿದಾಗ ಗಾಡಿ ತಗ್ಗಾಗಿ, ಉದ್ದವಾಗಿ ಕಾಣುತ್ತದೆ. ನೆತ್ತಿಗೆ ತಿಳಿಬಣ್ಣವಿದ್ದರೆ ಬಿಸಿಲಿನ ಕಾವೂ ಕಡಿಮೆ. ಆದ್ದರಿಂದ ಅಂದವಿರುವುದು ಬಣ್ಣಗಳಿಗಿಂತ ಹೆಚ್ಚಾಗಿ ಅವು ಕೂಡುವ ಗೆರೆಯಲ್ಲಿ. ಬೆಲ್ ಏರ್ ಗಾಡಿಯಲ್ಲಿ ಪಕ್ಕದ ಹೊಳೆಯುವ ಪಟ್ಟಿ ಆ ಗೆರೆಗೆ ಅಂಚು ಕಟ್ಟುತ್ತದೆ. ನಮ್ಮ ಹಳೆಯ ಗಾಡಿಗಳಲ್ಲಿ ನೆತ್ತಿಯ ಸುತ್ತಲಿನ ಮಳೆನೀರಿನ ದೋಣಿ, ಕಿಟಕಿಗಳ ಕೆಳಗಿನ ಅಂಚು, ಇಂಥವು ಸಹಜವಾದ ಎಲ್ಲೆಗಳು. ತಗಡು ತಾನೇ ತೋರಿಸುವ ಜಾಡನ್ನು ಹಿಡಿಯಿರಿ. ಬಯಲಿನಲ್ಲಿ ಎಳೆದ ಗೆರೆ ಕೂದಲೆಳೆಯಷ್ಟು ಸೊಟ್ಟಗಾದರೂ ಎದ್ದು ಕಾಣುತ್ತದೆ.

ಇನ್ನು ಕೆಲಸದ ಕ್ರಮ. ತುಕ್ಕನ್ನು ಪೂರ್ತಿ ತೆಗೆದು, ತಗಡನ್ನು ತಿದ್ದಿ, ಪ್ರೈಮರ್ ಬಳಿದು, ನೀರುಕಾಗದದಿಂದ ಉಜ್ಜಿ ನಯಮಾಡಬೇಕು. ಒಳಗೆ ಉಳಿದ ತುಕ್ಕನ್ನು ಯಾವ ಬಣ್ಣವೂ ಬಹುಕಾಲ ಮುಚ್ಚಿಡಲಾರದು. ಸಾಮಾನ್ಯವಾಗಿ ತಿಳಿಬಣ್ಣ ಮೊದಲು, ಗಾಢಬಣ್ಣ ಅನಂತರ. ಏಕೆಂದರೆ ಗಾಢವು ತಿಳಿಯನ್ನು ಸುಲಭವಾಗಿ ಮುಚ್ಚುತ್ತದೆ, ತಿಳಿಯು ಗಾಢವನ್ನು ಮುಚ್ಚಲು ಹೆಣಗುತ್ತದೆ.

ಈ ಎರಡರ ನಡುವಿನ ಕಾಯುವಿಕೆಯೇ ಕೆಲಸದ ಜೀವಾಳ. ಕೈಗೆ ಅಂಟದ ಮಾತ್ರಕ್ಕೆ ಬಣ್ಣ ಒಣಗಿತೆಂದು ತಿಳಿಯಬೇಡಿ. ಡ್ಯೂಕೋ ಜಾತಿಯ ಬಣ್ಣ ದ್ರಾವಕ ಆರಿದಾಗ ಗಟ್ಟಿಯಾಗುತ್ತದೆ. ಸಿಂಥೆಟಿಕ್ ಎನಾಮೆಲ್ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಹದಗೊಳ್ಳುತ್ತದೆ. ಎನಾಮೆಲ್ ಅರೆಹದದಲ್ಲಿರುವಾಗ ಮೇಲೆ ಇನ್ನೊಂದು ಲೇಪ ಬಿದ್ದರೆ ಅದು ಹಾಲಿನ ಕೆನೆಯಂತೆ ಸುಕ್ಕುಗಟ್ಟಬಹುದು. ಎನಾಮೆಲ್ಲಿನ ಮೇಲೆ ಡ್ಯೂಕೋ ಹಾಕುವುದಂತೂ ಅಪಾಯಕ್ಕೆ ಆಹ್ವಾನ. ಮಳೆಗಾಲದ ತೇವದಲ್ಲಿ ಡ್ಯೂಕೋ ಬೆಳ್ಳಗೆ ಮಬ್ಬಾಗುವುದುಂಟು. ನಮ್ಮ ಕರಾವಳಿಯವರು, ಮಲೆನಾಡಿನವರು ಒಣಹವೆಗಾಗಿ ಕಾಯುವುದೇ ಲೇಸು.

ಮೊದಲ ಬಣ್ಣ ಹದವಾದ ಮೇಲೆ ಗೆರೆಯುದ್ದಕ್ಕೂ ಮಾಸ್ಕಿಂಗ್ ಟೇಪನ್ನು ಒತ್ತಿ ಅಂಟಿಸಿ, ಉಳಿದ ಭಾಗವನ್ನು ಮಾಸ್ಕಿಂಗ್ ಕಾಗದದಿಂದ ಮುಚ್ಚಿ. ವೃತ್ತಪತ್ರಿಕೆಯ ಹಾಳೆಯಿಂದ ದ್ರಾವಕ ಒಳಗಿಳಿಯಬಹುದು. ಎರಡನೆಯ ಬಣ್ಣವನ್ನು ಒಮ್ಮೆಗೇ ದಪ್ಪನಾಗಿ ಎರಚದೆ ತೆಳುವಾದ ಲೇಪಗಳಲ್ಲಿ ಕೊಡಿಸಿ. ದಪ್ಪ ಲೇಪ ಟೇಪಿನ ಬದಿಯಲ್ಲಿ ದಿಬ್ಬ ಕಟ್ಟುತ್ತದೆ. ಬಣ್ಣ ಕಲ್ಲಾಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಿಚಿ ನಿಧಾನವಾಗಿ ಎಳೆದರೆ ಅಂಚು ಚೊಕ್ಕವಾಗಿ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇಂದು ಪ್ರಚಾರದಲ್ಲಿರುವ ಎರಡು ಡಬ್ಬಿಯ ಪಾಲಿಯುರಿಥೇನ್ ಬಣ್ಣಗಳು ಬಾಳಿಕೆಗೆ ಬಹಳ ಒಳ್ಳೆಯವು. ಆದರೆ ಅವುಗಳ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ವಸ್ತುವಿದೆ. ಸಿಂಪಡಿಸುವಾಗ ಅದನ್ನು ಉಸಿರಾಡಿದವರಿಗೆ ಬಿಡದ ಉಬ್ಬಸ ತಗಲಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಇದಕ್ಕೆ ರಕ್ಷಣೆಯಲ್ಲ; ಹೊರಗಿನ ಶುದ್ಧಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖಕವಚ ಬೇಕು. ದರ ವಿಚಾರಿಸುವಾಗ ಕೆಲಸಗಾರನಿಗೆ ಇಂಥ ಕವಚವಿದೆಯೇ ಎಂದೂ ವಿಚಾರಿಸಿ. ನಿಮ್ಮ ಗಾಡಿಯ ಹೊಳಪಿಗೆ ಅವನ ಉಸಿರು ಬೆಲೆಯಾಗಬಾರದು.

ಕಡೆಯದಾಗಿ, ವಾಹನದ ಬಣ್ಣ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. ಅದನ್ನು ಬದಲಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಛೇರಿಯ ಒಪ್ಪಿಗೆ ಪಡೆಯಿರಿ. ಬಾಗಿಲಿನ ಒಳಅಂಚಿನಲ್ಲಿ, ಡಿಕ್ಕಿಯ ಮೂಲೆಯಲ್ಲಿ ಕಾರ್ಖಾನೆಯ ಮೂಲ ಬಣ್ಣ ಉಳಿದಿದ್ದರೆ ಅದರ ಛಾಯಾಚಿತ್ರ ತೆಗೆದಿಡಿ. ಒಮ್ಮೆ ಕೆರೆದ ಮೇಲೆ ಆ ಸಾಕ್ಷ್ಯ ಮರಳಿ ಬಾರದು. ಹೊಸ ಬಣ್ಣವನ್ನಾದರೋ ಎಂದು ಬೇಕಾದರೂ ಹಾಕಿಸಬಹುದು.