ಟೊಂಕದ ನೋವಿಗೆ ಮೊದಲು ಪ್ರಶ್ನೆ, ಆಮೇಲೆ ಪಾಳಿ

ಹುಮನಾಬಾದ್ ತಾಲೂಕಿನ ಹುಡಗಿಯಲ್ಲಿ ಟೊಂಕನೋವು ಮನೆಮನೆಯ ಮಾತು. ಬೆನ್ನೆಲುಬಿನ ಆಪರೇಷನ್ ಬೇಕೋ ಏನೋ ಎಂಬ ಅನುಮಾನ ಬಂದರೆ ಬೀದರ್ ಇಲ್ಲವೇ ಕಲಬುರಗಿಯ ದಾರಿ ಹಿಡಿಯಬೇಕು. ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಅಷ್ಟೆಲ್ಲ ಕಾದ ಮೇಲೆ ಬಹಳ ಮಂದಿಗೆ ಸಿಗುವ ಉತ್ತರ ಒಂದೇ: ಆಪರೇಷನ್ ಬೇಡ, ವ್ಯಾಯಾಮ ಮಾಡಿ.

ಆ ಉತ್ತರ ಊರಿನ ಸಮೀಪವೇ ಸಿಗುವಂತೆ ಮಾಡಬಹುದು. ರೋಗಿಯನ್ನು ಕಳಿಸುವ ಮೊದಲೇ ಕೆಲವು ಪ್ರಶ್ನೆ ಕೇಳಿ ಬರೆದಿಟ್ಟುಕೊಂಡರೆ ಸಾಕು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯ ಟೊಂಕನೋವಿಗೆಂದೇ ಇಂಥ ವ್ಯವಸ್ಥೆ ಮಾಡಿಕೊಂಡಿದೆ.

ಮುಖ್ಯ ಪ್ರಶ್ನೆ: ನೋವು ಟೊಂಕದಲ್ಲಿ ಹೆಚ್ಚೋ, ಕಾಲಿನಲ್ಲಿ ಹೆಚ್ಚೋ? ಡಿಸ್ಕ್ ಜರುಗಿ ನರ ಒತ್ತಿದರೆ ನೋವು ಮೊಣಕಾಲು ದಾಟಿ ಪಾದದವರೆಗೆ ಇಳಿಯುತ್ತದೆ. ಆಪರೇಷನ್ನಿನಿಂದ ಚೆನ್ನಾಗಿ ಇಳಿಯುವುದೂ ಈ ಕಾಲುನೋವೇ. ಬರೀ ಟೊಂಕ ಹಿಡಿದಿದ್ದರೆ ಸರ್ಜನ್ ಮಾಡುವಂಥದ್ದು ಕಡಿಮೆ. ಸ್ವಲ್ಪ ದೂರ ನಡೆದರೆ ಕಾಲು ಭಾರವಾಗಿ, ಕೂತರೆ ಹಗುರಾಗುತ್ತದೆಯೇ ಎಂದೂ ಕೇಳಬೇಕು. ನರದ ದಾರಿ ಕಿರಿದಾದ ಗುರುತು ಅದು.

ಪಾಳಿ ಕಾಯಬಾರದವರೂ ಇದ್ದಾರೆ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗಕ್ಕೆ ಜೋಮು ಹಿಡಿದರೆ, ಕಾಲಿನ ಬಲ ಕುಸಿದರೆ ಅದೇ ದಿನ ದೊಡ್ಡ ದವಾಖಾನೆಗೆ ಹೋಗಬೇಕು. ತಡವಾದರೆ ಹೋದ ಹಿಡಿತ ಮರಳದೆ ಹೋಗಬಹುದು.

ಹೀಗೆ ಮೊದಲು ಪ್ರಶ್ನೆ ಕೇಳಿ ವಿಂಗಡಿಸುವ ಕ್ರಮ ನಮ್ಮವರಿಗೆ ಹೊಸದಲ್ಲ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ತರುವ ಸಿಬ್ಯಾಕ್ ಎಂಬ ಆರೋಗ್ಯ ಪ್ರಶ್ನಾವಳಿಯ ನಮೂನೆಯೂ ಹೀಗೆಯೇ ನಡೆಯುತ್ತದೆ. ವಯಸ್ಸು, ತಂಬಾಕು, ಸೊಂಟದ ಸುತ್ತಳತೆಗೆ ಅಂಕ. 4 ಮೀರಿದರೆ ಬಿಪಿ, ಶುಗರ್ ತಪಾಸಣೆಗೆ ಮೊದಲು ಕರೆಯುತ್ತಾರೆ. ಬಾಯಿಯ ಹುಣ್ಣು ಮಾಯದಿದ್ದರೆ, ಎದೆಯಲ್ಲಿ ಗಂಟಿದ್ದರೆ ಅಂಕ ನೋಡದೆ ನೇರ ವೈದ್ಯರ ಬಳಿಗೆ.

ಆದರೆ ಕೇಳುವ ರೀತಿ ಸರಿಯಿರಬೇಕು. ಅತ್ತೆ, ಮೈದುನರೆಲ್ಲ ಕೂತಿರುವ ಪಡಸಾಲೆಯಲ್ಲಿ ಮೂತ್ರದ ತೊಂದರೆ ಕೇಳಿದರೆ ಯಾವ ಸೊಸೆಯೂ "ಹೌದು" ಎನ್ನುವುದಿಲ್ಲ. ಬದಿಗೆ ಕರೆದು, ಮನೆಯ ಮಾತು ಕನ್ನಡವೋ ಮರಾಠಿಯೋ ಉರ್ದುವೋ ಅದರಲ್ಲೇ ಕೇಳಬೇಕು. ಮುಜುಗರಕ್ಕೆ ಬರೆದ ಒಂದು "ಇಲ್ಲ" ತುರ್ತಿನ ರೋಗಿಯನ್ನು ಪಾಳಿಯ ಕೊನೆಗೆ ತಳ್ಳುತ್ತದೆ.

ಟೊಂಕನೋವಿಗೆ ಇಂಥ ನಮೂನೆ ಇಲ್ಲದ ಕಡೆ ನೀವೇ ಒಂದು ಹಾಳೆಯಲ್ಲಿ ಬರೆದೊಯ್ಯಿರಿ: ನೋವು ಶುರುವಾದ ತಿಂಗಳು, ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಎಷ್ಟು ದೂರ ನಡೆಯಬಲ್ಲಿರಿ, ಹಿಂದೆ ಆದ ಆಪರೇಷನ್. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಅದನ್ನು ಮೇಲೆಯೇ ಬರೆಯಿರಿ. ಹಳೆಯ ಎಕ್ಸ್‌ರೇ, ಖಾಲಿಯಾದ ಗುಳಿಗೆ ಪಟ್ಟಿಗಳೂ ಚೀಲದಲ್ಲಿರಲಿ.