ಬಲೂನು ಮೇಲೇರುವುದೇಕೆ?

ಪುಣೆಯ ಶಿವಾಜಿನಗರದಲ್ಲಿರುವ ಭಾರತ ಹವಾಮಾನ ಇಲಾಖೆಯ ಕಚೇರಿಯನ್ನು ಊರಿನ ಜನರು ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ. ಇಲಾಖೆಯ ಕೇಂದ್ರ ಕಚೇರಿಯು 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಸ್ಥಳಾಂತರಗೊಂಡುದೇ ಈ ಹೆಸರಿಗೆ ಕಾರಣ. ಆ ವರ್ಷದ ಅಕ್ಟೋಬರ್‌ನಿಂದ 1931ರ ಡಿಸೆಂಬರ್‌ವರೆಗೆ ಪುಣೆ ಮತ್ತು ಹೈದರಾಬಾದುಗಳಿಂದ ಉಪಕರಣಸಹಿತ ಬಲೂನುಗಳನ್ನು ಹಾರಿಬಿಟ್ಟು ಮೇಲಿನ ವಾಯುಮಂಡಲದ ಉಷ್ಣತೆಯನ್ನು ಅಳೆಯಲಾಯಿತು. ಸಮಭಾಜಕ ವೃತ್ತದ ಮೇಲೆ ಸುಮಾರು 17 ಕಿ.ಮೀ. ಎತ್ತರದಲ್ಲಿರುವ ಗಾಳಿಯು, ಧ್ರುವಪ್ರದೇಶಗಳ ಮೇಲೆ ಅದೇ ಎತ್ತರದಲ್ಲಿರುವ ಗಾಳಿಗಿಂತ ಸಾಮಾನ್ಯವಾಗಿ ಹೆಚ್ಚು ಶೀತಲವಾಗಿರುತ್ತದೆ ಎಂಬ ಅಚ್ಚರಿಯ ಸಂಗತಿಯನ್ನು ಡಾ. ಕೆ.ಆರ್. ರಾಮನಾಥನ್ ಅವರು ಇಂತಹ ವೀಕ್ಷಣೆಗಳಿಂದಲೇ ಸ್ಪಷ್ಟಪಡಿಸಿದರು. ಆಗಿನ ಉಪಕರಣದಲ್ಲಿ ರೇಡಿಯೋ ಇರಲಿಲ್ಲ. ಹೊಲದಲ್ಲೋ ಕಾಡಿನಲ್ಲೋ ಬಿದ್ದ ಉಪಕರಣವನ್ನು ಯಾರಾದರೂ ಹಳ್ಳಿಗರು ತಂದುಕೊಟ್ಟರೆ ಮಾತ್ರ ಅದರಲ್ಲಿ ದಾಖಲಾದ ವಿವರ ವಿಜ್ಞಾನಿಗಳ ಕೈಸೇರುತ್ತಿತ್ತು!

ನೀರಿನಲ್ಲಿ ದೋಣಿ ತೇಲುವುದನ್ನು ಎಲ್ಲರೂ ಬಲ್ಲರು. ಬಲೂನನ್ನು ಮೇಲಕ್ಕೆ ಒಯ್ಯುವುದೂ ಅದೇ ನಿಯಮ. ದ್ರವವಾಗಲಿ ಅನಿಲವಾಗಲಿ, ಆಳ ಹೆಚ್ಚಿದಂತೆ ಅದರ ಒತ್ತಡವೂ ಹೆಚ್ಚುತ್ತದೆ. ಆದುದರಿಂದ ಅದರಲ್ಲಿ ಮುಳುಗಿದ ವಸ್ತುವಿನ ತಳಭಾಗವನ್ನು ಮೇಲಕ್ಕೆ ತಳ್ಳುವ ಒತ್ತಡವು, ಮೇಲ್ಭಾಗವನ್ನು ಕೆಳಕ್ಕೆ ಒತ್ತುವುದಕ್ಕಿಂತ ಅಧಿಕವಾಗಿರುತ್ತದೆ. ಈ ವ್ಯತ್ಯಾಸವೇ ಪ್ಲವನ ಬಲ. ವಸ್ತುವು ಎಷ್ಟು ದ್ರವವನ್ನು ಅಥವಾ ಅನಿಲವನ್ನು ಪಕ್ಕಕ್ಕೆ ಸರಿಸುವುದೋ ಅದರ ತೂಕಕ್ಕೆ ಈ ಬಲ ಸಮನಾಗಿರುತ್ತದೆಂದು ಆರ್ಕಿಮಿಡೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ನಿರೂಪಿಸಿದನು.

ಗಾಳಿಗೆ ತೂಕವಿಲ್ಲವೆಂದು ನಾವು ಭಾವಿಸುವುದುಂಟು. ಪುಣೆಯ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.1 ಕಿಲೋಗ್ರಾಂ. ಅಷ್ಟೇ ಗಾತ್ರದ ಜಲಜನಕ ಅನಿಲವು ಕೇವಲ 80 ಗ್ರಾಂನಷ್ಟು ತೂಗುತ್ತದೆ. ಅಂದರೆ ಪ್ರತಿ ಘನ ಮೀಟರ್ ಜಲಜನಕವೂ ಸುಮಾರು ಒಂದು ಕಿಲೋಗ್ರಾಂ ಭಾರವನ್ನು ಎತ್ತಬಲ್ಲದು. ಎರಡು ಘನ ಮೀಟರ್ ತುಂಬಿದ ಬಲೂನಿಗೆ, ರಬ್ಬರಿನ ಹೊದಿಕೆ ಮತ್ತು ಉಪಕರಣಗಳೆಲ್ಲ ಸೇರಿ ಒಂದು ಕಿಲೋಗ್ರಾಂ ಇದ್ದರೂ, ಮೇಲೇರಲು ಅಷ್ಟೇ ಬಲ ಉಳಿಯುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ದೋಣಿಯು ನೀರಿನ ಮೇಲ್ಮೈಯಲ್ಲಿ ನೆಲೆನಿಲ್ಲುತ್ತದೆ. ಗಾಳಿಗೆ ಅಂತಹ ಮೇಲ್ಮೈಯಿಲ್ಲ, ಮೇಲೆ ಹೋದಂತೆ ಅದು ತೆಳುವಾಗುತ್ತದೆಯಷ್ಟೆ. ಹಾಗಾದರೆ ಬಲೂನು ನಡುದಾರಿಯಲ್ಲಿ ನಿಂತುಬಿಡಬೇಕಲ್ಲವೇ? ಇಲ್ಲ. ಹೊರಗಿನ ಒತ್ತಡ ಇಳಿದಂತೆ ಒಳಗಿನ ಅನಿಲವೂ ಹಿಗ್ಗಿ, ರಬ್ಬರು ಹಿಗ್ಗುತ್ತ ಹೋಗುತ್ತದೆ. ಗಾಳಿ ತೆಳುವಾದರೂ ಬಲೂನು ಸರಿಸುವ ಗಾತ್ರ ದೊಡ್ಡದಾಗುವುದರಿಂದ ಪ್ಲವನ ಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಿಮಿಷಕ್ಕೆ ಸುಮಾರು 300 ಮೀಟರ್ ವೇಗದಲ್ಲಿ ಏರುವ ಬಲೂನು, ಸುಮಾರು 30 ಕಿ.ಮೀ. ತಲುಪುವ ವೇಳೆಗೆ ತನ್ನ ವ್ಯಾಸವನ್ನು ನಾಲ್ಕೈದು ಪಟ್ಟು ಹೆಚ್ಚಿಸಿಕೊಂಡು ಒಡೆಯುತ್ತದೆ.

ಇಂದು ದೇಶದ ಹಲವು ಕೇಂದ್ರಗಳಿಂದ ಸಾಮಾನ್ಯವಾಗಿ ಬೆಳಗ್ಗೆ ಮತ್ತು ಸಂಜೆ 5.30ರ ವೀಕ್ಷಣೆಗಾಗಿ ಇಂತಹ ಬಲೂನುಗಳನ್ನು ಬಿಡಲಾಗುತ್ತದೆ. ಅವುಗಳಿಗೆ ಕಟ್ಟಿದ ರೇಡಿಯೋಸಾಂಡ್ ಎಂಬ ಪುಟ್ಟ ಉಪಕರಣವು ಉಷ್ಣತೆ, ಆರ್ದ್ರತೆ, ಗಾಳಿಯ ವೇಗ ಮೊದಲಾದ ವಿವರಗಳನ್ನು ಕ್ಷಣಕ್ಷಣಕ್ಕೂ ಕೆಳಗೆ ಕಳುಹಿಸುತ್ತದೆ. ಬಿತ್ತನೆಗೆ ಕಾದಿರುವ ರೈತನೂ ಕಡಲಿಗಿಳಿಯುವ ಮೀನುಗಾರನೂ ಕೇಳುವ ಮುನ್ಸೂಚನೆಯಲ್ಲಿ ಈ ಅಂಕಿಗಳಿಗೂ ಪಾಲಿದೆ.

ಜಲಜನಕವು ಕಿಡಿ ತಗುಲಿದೊಡನೆ ಉರಿಯುವ ಅನಿಲವೆಂಬುದನ್ನು ಮರೆಯಬಾರದು. ಜಾತ್ರೆಗಳಲ್ಲಿ ಮಕ್ಕಳು ಕೊಳ್ಳುವ ಗ್ಯಾಸ್ ಬಲೂನುಗಳಲ್ಲಿಯೂ ಅನೇಕ ವೇಳೆ ಇದೇ ಇರುತ್ತದೆ. ಅವುಗಳ ಹತ್ತಿರ ಬೆಂಕಿಕಡ್ಡಿ, ಬೀಡಿ, ದೀಪಗಳನ್ನು ತರಬಾರದು. ಒಡೆದ ಹವಾಮಾನ ಬಲೂನಿನಲ್ಲಾದರೋ ಅನಿಲ ಉಳಿದಿರುವುದಿಲ್ಲ. ಹೊಲದಲ್ಲಿ ರಬ್ಬರಿನ ಚೂರು, ದಾರ ಮತ್ತು ಸಣ್ಣ ಪೆಟ್ಟಿಗೆ ಕಂಡುಬಂದರೆ ಗಾಬರಿಪಡಬೇಕಾಗಿಲ್ಲ. ಸಂದೇಹವಿದ್ದಲ್ಲಿ ಸಮೀಪದ ಪೊಲೀಸ್ ಠಾಣೆಗೆ ತಿಳಿಸಬಹುದು. ಆದರೆ ದಾರವು ವಿದ್ಯುತ್ ತಂತಿಗೆ ಸಿಕ್ಕಿಕೊಂಡಿದ್ದರೆ ಅದನ್ನು ಎಳೆಯದೆ, ಮುಟ್ಟದೆ, ವಿದ್ಯುತ್ ಕಚೇರಿಗೆ ಸುದ್ದಿ ಮುಟ್ಟಿಸತಕ್ಕದ್ದು.